ಬನವಾಸಿಯ ನಂದನ, ಬೊಮ್ಮಲಗುಟ್ಟದ ಕೆರೆ

ಪಂಪನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ತೀರ್ಥಯಾತ್ರೆಯ ನಡುವೆ ಅರ್ಜುನನು ಬನವಾಸಿ ದೇಶವನ್ನು ಕಾಣುವ ಸಂದರ್ಭದ ಪದ್ಯಗಳಷ್ಟು ಪ್ರಸಿದ್ಧಿ ಪಡೆದ ಪದ್ಯಗಳು ಹಳಗನ್ನಡದಲ್ಲಿ ವಿರಳ. 1898ರಲ್ಲಿ ಬಿ. ಎಲ್. ರೈಸ್ ಅವರ ಸಂಪಾದನೆಯಲ್ಲಿ ಈ ಕಾವ್ಯ ಮೊದಲ ಬಾರಿಗೆ ಅಚ್ಚಾದ ಮೇಲೆ ಇವು ಪಠ್ಯಪುಸ್ತಕಗಳಿಗೆ ಬಂದವು, ಅಲ್ಲಿಂದ ಭಾಷಣಗಳಿಗೆ, ಅಲ್ಲಿಂದ ಆಮಂತ್ರಣ ಪತ್ರಿಕೆಗಳಿಗೆ. ನಾನು ಈಗ ಇರುವ ಜರ್ಮನಿಯಲ್ಲಿಯೂ ನವೆಂಬರ್ ತಿಂಗಳ ಕನ್ನಡ ಸಮಾರಂಭಗಳ ವೇದಿಕೆಯ ಹಿಂದೆ ಅವುಗಳಲ್ಲಿ ಒಂದರ ಕೊನೆಯ ಸಾಲು ತೂಗುತ್ತಿರುತ್ತದೆ. ಅದನ್ನು ಅಲ್ಲಿ ನಿಂತು ಗಟ್ಟಿಯಾಗಿ ಓದಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದಿನ ಮಾತುಗಳಲ್ಲಿ ಆಕ್ಷೇಪವಿದ್ದರೆ ಅದರ ಒಂದು ಪಾಲು ನನಗೂ ಸಲ್ಲುತ್ತದೆ.

ಈ ಪದ್ಯಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಓದು ರೂಢಿಯಲ್ಲಿದೆ. ಒಂದು, ಇವು ಪಂಪನ ಪ್ರಕೃತಿಪ್ರೇಮದ ದಾಖಲೆ ಎಂಬುದು. ಇನ್ನೊಂದು, ಇವು ಅವನ ಜನ್ಮಭೂಮಿಯ ಹಂಬಲ ಎಂಬುದು. ಎರಡೂ ಓದುಗಳು ಒಂದು ವಿಷಯವನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ: ಪದ್ಯಗಳು ತೋರಿಸುತ್ತಿರುವುದು ಪ್ರಕೃತಿಯನ್ನು, ಅಂದರೆ ಮನುಷ್ಯನ ಕೈ ತಾಗದೆ ತಾನಾಗಿ ಇರುವ ಒಂದು ಚೆಲುವನ್ನು. ಈ ಒಪ್ಪಿಗೆಯೇ ತಪ್ಪು ಎಂಬುದು ನನ್ನ ವಾದ. ಪಂಪನ ಬನವಾಸಿ ಬೆಳೆಸಿದ ನೆಲ. ಹಾಗೆ ಓದಿದಾಗ ಪದ್ಯಗಳಲ್ಲಿ ಏನಿದೆ ಎಂಬುದು ಮಾತ್ರವಲ್ಲ, ಏನಿಲ್ಲ ಎಂಬುದೂ ಕಾಣಿಸತೊಡಗುತ್ತದೆ.

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವರು ಕನ್ನಡದ ವಿದ್ಯಾರ್ಥಿಗಳಲ್ಲ. ಭೂಗೋಳಶಾಸ್ತ್ರದ ಮೊದಲ ವರ್ಷದವರಿಗೆ, ಮನುಷ್ಯ ಮತ್ತು ಪರಿಸರದ ಸಂಬಂಧವನ್ನು ಕುರಿತ ಪ್ರವೇಶ ಪಾಠದಲ್ಲಿ, ಹಳೆಯ ಸಾಹಿತ್ಯದಿಂದ ಒಂದು ಉದಾಹರಣೆ ಬೇಕೆಂದು ನನ್ನನ್ನು ಒಮ್ಮೆ ಕರೆದಿದ್ದರು. ಬನವಾಸಿಯ ಪದ್ಯಗಳನ್ನು ಅನುವಾದಿಸಿ ಮುಂದಿಟ್ಟೆ. ಪದ್ಯಗಳ ಇಂಪನ್ನು ಕುರಿತು ನಾನು ಇನ್ನೂ ಮಾತನಾಡುತ್ತಿರುವಾಗಲೇ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಈ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ? ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಪದ್ಯಗಳನ್ನು ಮತ್ತೆ ಓದಿದೆ. ಅವುಗಳಲ್ಲಿ ನೀರು ಇರಲಿಲ್ಲ.

ಮೊದಲು ಪದ್ಯಗಳಲ್ಲಿ ಇರುವುದನ್ನು ನೋಡೋಣ. ಮಾವು, ಎಲೆವಳ್ಳಿ, ಜಾಜಿ, ಸಂಪಗೆ, ಮಲ್ಲಿಗೆ, ಕೋಗಿಲೆ, ತುಂಬಿ, ತೆಂಕಣ ಗಾಳಿ, ತಂಪಾದ ನೆರಳು. ಪಟ್ಟಿಯಲ್ಲಿ ಹೆಚ್ಚಿನವು ಕವಿಸಮಯದ ಸಾಮಗ್ರಿ. ಸಂಸ್ಕೃತ ಕಾವ್ಯದ ಯಾವ ಉದ್ಯಾನವನ್ನು ಹೊಕ್ಕರೂ ಎದುರಾಗುವಂಥವು. ಆದರೆ ಎಲೆವಳ್ಳಿಯನ್ನು ಈ ಗುಂಪಿಗೆ ಸೇರಿಸಿ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ಎಲೆ ಎಂದರೆ ವೀಳ್ಯದೆಲೆ ಎಂಬ ಅರ್ಥ ಇಂದಿಗೂ ಬಳಕೆಯಲ್ಲಿದೆ, ಎಲೆಬಳ್ಳಿ ಎಂದರೆ ವೀಳ್ಯದ ಬಳ್ಳಿ. ಇದು ನಮ್ಮ ನಾಡಿನಲ್ಲಿ ನೆಟ್ಟು ಬೆಳೆಸುವ ಬಳ್ಳಿ. ಇದಕ್ಕೆ ಹಬ್ಬಲು ಆಸರೆಯ ಮರ ಬೇಕು, ಬಿಸಿಲನ್ನು ಸೋಸುವ ನೆರಳು ಬೇಕು, ಬುಡದಲ್ಲಿ ತೇವ ಆರಬಾರದು, ನೀರು ನಿಲ್ಲಲೂ ಬಾರದು. ಬಳ್ಳಿಯನ್ನು ಕಾಲಕಾಲಕ್ಕೆ ಇಳಿಸಿ ಕಟ್ಟಬೇಕು. ಒಂದು ಬೇಸಿಗೆ ನೀರು ತಪ್ಪಿದರೆ ತೋಟ ಹೋಯಿತು. ಕಾಡಿನ ಅಂಚಿನಲ್ಲಿ ನಿಂತು ಎಲೆವಳ್ಳಿಯನ್ನು ಮೆಚ್ಚುವ ಕವಿ ಮೆಚ್ಚುತ್ತಿರುವುದು ಕಾಡನ್ನಲ್ಲ. ಬನವಾಸಿ ಸೀಮೆಯ ಆರ್ಥಿಕ ಜೀವನದಲ್ಲಿ ಈ ಬಳ್ಳಿಗೆ ಇದ್ದ ಸ್ಥಾನವನ್ನು ಬಳ್ಳಿಗಾವೆಯ ಸುತ್ತಿನ ಶಾಸನಗಳನ್ನು ಓದಿದವರು ಬಲ್ಲರು. ಅಡಕೆ ಮತ್ತು ಎಲೆಯ ಹೇರುಗಳ ಸುಂಕ ಅಲ್ಲಿ ದೇವಾಲಯಗಳಿಗೆ ಬಿಟ್ಟ ಆದಾಯಗಳಲ್ಲಿ ಸೇರಿದೆ.

ಅದೇ ಪದ್ಯದಲ್ಲಿ ಪಂಪನು ಬೆಟ್ಟವನ್ನೂ ನಂದನವನವನ್ನೂ ಜೋಡಿಯಾಗಿ ಹೇಳುತ್ತಾನೆ. ಶಿರಸಿ, ಸಿದ್ದಾಪುರದ ಕಡೆಯ ಅಡಕೆ ತೋಟಗಳನ್ನು ಬಲ್ಲವರಿಗೆ ಈ ಜೋಡಿ ಕೂಡಲೇ ಪರಿಚಿತವೆನಿಸುತ್ತದೆ. ಅಲ್ಲಿ ಕಣಿವೆಯ ತಳದಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿಯುತ್ತದೆ, ದನದ ಕಾಲಡಿಯಲ್ಲಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ತೋಟದ ವಿಸ್ತೀರ್ಣಕ್ಕಿಂತ ಅದನ್ನು ಸಾಕುವ ಬೆಟ್ಟದ ವಿಸ್ತೀರ್ಣ ಹಲವು ಪಟ್ಟು ದೊಡ್ಡದು. ಹಾಗಾದರೆ ಪಂಪನ ಬೆಟ್ಟವೂ ಸೊಪ್ಪಿನ ಬೆಟ್ಟವೇ? ಹೌದೆನ್ನಲು ಮನಸ್ಸು ಹಾತೊರೆಯುತ್ತದೆ. ಆದರೆ ಪದ್ಯದಲ್ಲಿ ಅದಕ್ಕೆ ಆಧಾರವಿಲ್ಲ. ಅವನ ಪದ ಬರಿಯ ಬೆಟ್ಟವನ್ನು ಹೇಳುತ್ತದೆ, ಅದರ ಬಳಕೆಯನ್ನು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅರಣ್ಯ ದಾಖಲೆಗಳಲ್ಲಿ ಹಕ್ಕಾಗಿ ಕಾಣಿಸಿಕೊಳ್ಳುವ ಒಂದು ಪದ್ಧತಿಯನ್ನು ಹತ್ತನೆಯ ಶತಮಾನದ ಪದ್ಯಕ್ಕೆ ತುಂಬುವುದು ಗ್ರಂಥಸಂಪಾದನೆಯ ಶಿಸ್ತು ಕಲಿತವರು ಮಾಡುವ ಕೆಲಸವಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಪಂಪನ ಕಣ್ಣಿಗೆ ಬೆಟ್ಟ ಮತ್ತು ನಂದನ ಒಂದನ್ನೊಂದು ಬಿಟ್ಟಿರುವ ಲೋಕಗಳಾಗಿರಲಿಲ್ಲ. ಕಾಡು ಒಂದು ಕಡೆ, ನಾಡು ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಅವನು ಇಲ್ಲಿ ಮಾಡುತ್ತಿಲ್ಲ.

ವಿಂಗಡಣೆ ಮಾಡಲು ಅವನ ಭಾಷೆಯೂ ಅಷ್ಟಾಗಿ ನೆರವಾಗುತ್ತಿರಲಿಲ್ಲ. ಸಂಸ್ಕೃತದ ವನ ಕನ್ನಡದಲ್ಲಿ ಬನವಾದಾಗ ಅಡವಿ, ತೋಪು ಎಂಬ ಎರಡೂ ಅರ್ಥಗಳನ್ನು ಜೊತೆಗೆ ತಂದಿತು. ಕಾಡು, ಕಾನು, ಅಡವಿ ಒಂದು ತುದಿಯಲ್ಲಿ, ತೋಂಟ ಇನ್ನೊಂದು ತುದಿಯಲ್ಲಿ, ನಡುವೆ ಎರಡನ್ನೂ ಮುಟ್ಟುವ ಬನ. ಪ್ರಕೃತಿ ಎಂಬ ಪದ ಹಳಗನ್ನಡದಲ್ಲಿ ಇದ್ದರೂ ಅದರ ಕೆಲಸ ಬೇರೆ. ವ್ಯಾಕರಣದಲ್ಲಿ ಅದು ಪ್ರತ್ಯಯ ಹತ್ತುವ ಮೂಲ, ದರ್ಶನದಲ್ಲಿ ಜಗತ್ತಿನ ಮೂಲದ್ರವ್ಯ. ಗಿಡ, ಮರ, ಹೊಳೆ, ಹಕ್ಕಿಗಳನ್ನೆಲ್ಲ ಒಟ್ಟಾಗಿ ಮನುಷ್ಯನ ಎದುರಿಗೆ ನಿಲ್ಲಿಸುವ ಇಂದಿನ ಅರ್ಥ ಇಂಗ್ಲಿಷ್ ರಮ್ಯ ಕಾವ್ಯದ ಓದಿನೊಂದಿಗೆ ನಮ್ಮ ವಿಮರ್ಶೆಗೆ ಬಂದದ್ದು. ನವೋದಯದ ವಿಮರ್ಶಕರು ಪಂಪನನ್ನು ಪ್ರಕೃತಿಕವಿ ಎಂದು ಮೆಚ್ಚಿದಾಗ ಅವನಿಗೆ ದೊಡ್ಡ ಗೌರವವನ್ನೇ ಸಲ್ಲಿಸಿದರು, ಸಂಶಯವಿಲ್ಲ. ಆದರೆ ಅವನಲ್ಲಿ ಇಲ್ಲದ ಒಂದು ಬೇಲಿಯನ್ನೂ ಹಾಕಿದರು.

ಇದರೊಂದಿಗೆ ಇನ್ನೊಂದು ಅಭ್ಯಾಸವೂ ಸೇರಿಕೊಂಡಿತು. ಮಲೆನಾಡಿನ ಹಸಿರು ಪಂಪನ ಶೈಲಿಗೆ ಮಾರ್ದವವನ್ನು ಕೊಟ್ಟಿತು ಎಂಬಂಥ ಮಾತುಗಳನ್ನು ನಾವು ಸಲೀಸಾಗಿ ಆಡುತ್ತೇವೆ. ನೆಲ ಮನುಷ್ಯನನ್ನು ರೂಪಿಸುತ್ತದೆ ಎಂಬ ಈ ನಂಬಿಕೆಗೆ ವಿದ್ವತ್ತಿನ ವೇಷ ತೊಡಿಸಿದವರಲ್ಲಿ ಜರ್ಮನಿಯ ಫ್ರೀಡ್ರಿಕ್ ರಾಟ್ಸೆಲ್ ಪ್ರಮುಖರು. ಮಾನವ ಭೂಗೋಳವನ್ನು ಕುರಿತ ಅವರ ಗ್ರಂಥದ ಮೊದಲ ಸಂಪುಟ 1882ರಲ್ಲಿ ಬಂತು. ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್ ಇದನ್ನು ತಿರುಗಿಸಿ ಹೇಳಿದರು: ನೆಲ ಸಾಧ್ಯತೆಗಳನ್ನು ಒಡ್ಡುತ್ತದೆ, ಆಯ್ಕೆ ಮನುಷ್ಯರ ಜೀವನಕ್ರಮದ್ದು. ಭೂಗೋಳದ ಮೊದಲ ವರ್ಷದ ಪಾಠದಲ್ಲಿಯೇ ಇತ್ಯರ್ಥವಾಗುವ ಈ ಚರ್ಚೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಮೊದಲ ಹಂತದಲ್ಲಿಯೇ ನಿಂತುಬಿಟ್ಟಿದೆ.

ಪಂಪನ ಬದುಕಿನ ನಕ್ಷೆಯನ್ನು ಹರಡಿ ನೋಡಿದರೆ ಆ ಮಾತು ನಿಲ್ಲುವುದೂ ಇಲ್ಲ. ಅವನ ತಂದೆಯ ಕಡೆಯವರು ವೆಂಗಿ ನಾಡಿನ ಮೂಲದವರು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಬೆಳ್ವೊಲ ಎಂದರೆ ಎರೆಮಣ್ಣಿನ ಬಯಲು. ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಅವನೇ ಹೇಳಿಕೊಂಡಿದ್ದಾನೆ. ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಕವಿರಾಜಮಾರ್ಗ ಕನ್ನಡದ ತಿರುಳನ್ನು ಗುರುತಿಸುವ ನಾಲ್ಕು ಊರುಗಳಲ್ಲಿ, ಅಂದರೆ ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳಲ್ಲಿ, ಇದೂ ಒಂದು. ಕೊಪ್ಪಳ, ಗದಗದ ಈ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಜೋಳದ ನೆಲ. ಬನವಾಸಿಯಿಂದ ಲಕ್ಷ್ಮೇಶ್ವರಕ್ಕೆ ನೇರ ದೂರ ಸುಮಾರು 80 ಕಿಲೋಮೀಟರ್ ಅಷ್ಟೆ. ಆದರೆ ಬನವಾಸಿಯ ಪಡುವಲಿಗಿರುವ ಶಿರಸಿಯಲ್ಲಿ ಮಳೆ 2000 ಮಿಲಿಮೀಟರನ್ನು ಮೀರುತ್ತದೆ. ಘಟ್ಟದ ಮಳೆ ಮೂಡಲಿಗೆ ಸರಿದಂತೆ ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಈ ಎರಡು ಸಂಖ್ಯೆಗಳು ಸಾಕು. ವರದಾ ನದಿಯ ದಂಡೆಯ ಬನವಾಸಿ ನಿಂತಿರುವುದು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನಲ್ಲಿ.

ಕಾವ್ಯ ಬರೆಯುವಾಗ ಪಂಪ ಇದ್ದದ್ದು ಈ ಎರಡೂ ಕಡೆಯಲ್ಲಲ್ಲ. ಅರಿಕೇಸರಿಯ ಆಸ್ಥಾನವಿದ್ದ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ, ಗೋದಾವರಿಯ ದಕ್ಷಿಣಕ್ಕೆ, ಬನವಾಸಿಯಿಂದ ನೇರ ಗೆರೆ ಎಳೆದರೂ 500 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ. ಗ್ರಾನೈಟಿನ ಗುಡ್ಡಗಳು, ತೆಳುವಾದ ಮಣ್ಣು, ಸುಡುವ ಬೇಸಿಗೆ. ಕ್ರಿ.ಶ. 941ರ ಆಸುಪಾಸಿನಲ್ಲಿ ಇಲ್ಲಿ ಕುಳಿತು ಪಂಪ ಬನವಾಸಿಯನ್ನು ತೆಂಕನಾಡು ಎಂದು ಕರೆದ. ಆ ಪದದ ಬಗ್ಗೆ ಒಂದು ಮಾತು. ದಿಕ್ಕಿನ ಪದಗಳು ಯಾವಾಗಲೂ ನಿಂತ ಜಾಗವನ್ನು ಬಿಟ್ಟುಕೊಡುತ್ತವೆ. ಬನವಾಸಿಯಲ್ಲಿದ್ದವನಿಗೆ ಬನವಾಸಿ ತೆಂಕಲ್ಲ. ಇಂದ್ರಪ್ರಸ್ಥದಿಂದ ಹೊರಟ ಅರ್ಜುನನಿಗೆ ಅದು ತೆಂಕು, ನಿಜ. ಆದ್ದರಿಂದ ಕಥೆಯ ಒಳಗೂ ಪದ ಸರಿಯಾಗಿಯೇ ಕೂರುತ್ತದೆ. ಆದರೆ ವೇಮುಲವಾಡದ ಪಂಪನಿಗೂ ಅದು ತೆಂಕಿನ ಕಡೆಯದೇ. ನಾಯಕನ ದಿಕ್ಕೂ ಕವಿಯ ದಿಕ್ಕೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಇಡೀ ಕಾವ್ಯವನ್ನು ಕಟ್ಟಿದ ಕವಿ, ಇಲ್ಲಿ ಸದ್ದಿಲ್ಲದೆ ತನ್ನನ್ನೂ ಅರ್ಜುನನ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ.

ಇನ್ನು ನೀರಿನ ಪ್ರಶ್ನೆ. ಪಂಪನಿಗೆ ನೀರಿನ ವ್ಯವಸ್ಥೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಮೊದಲ ಆಶ್ವಾಸದ ಕುರುಜಾಂಗಣ ದೇಶದ ವರ್ಣನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ತೆನೆಯ ಭಾರಕ್ಕೆ ಬಾಗಿದ ಹೊಲಗಳಿವೆ, ಹೊಲಗಳನ್ನು ಬಳಸಿ ಹೂಗೊಳಗಳಿವೆ, ನಂದನಗಳಿವೆ, ಒಂದರ ಕೈ ಹಿಡಿದು ಇನ್ನೊಂದು ಬರುತ್ತದೆ. ಆ ಪದ್ಯದ ಬಂಧವೇ ಸರಪಳಿಯಂತಿದೆ. ನೀರು ಅದರ ಒಂದು ಕೊಂಡಿ. ಕವಿಗೆ ಕಾವ್ಯಗಳ ಮೂಲಕವಲ್ಲದೆ ಬೇರೆ ಪರಿಚಯವಿದ್ದಿರಲಾರದ ನಾಡಿನಲ್ಲಿ ಹೊಲ, ನೀರು, ತೋಟಗಳು ಕ್ರಮವಾಗಿ ನಿಂತಿವೆ. ಅವನ ಮನಸ್ಸು ಬಿಡದೆ ನೆನೆಯುವ ಬನವಾಸಿಯಲ್ಲಿ ಹೊಲವೂ ಇಲ್ಲ, ಕೆರೆಯೂ ಇಲ್ಲ, ವರದೆಯ ಹೆಸರೂ ಇಲ್ಲ.

ಏಕೆ? ಮಳೆಯ ನಾಡಿನಲ್ಲಿ ನೀರನ್ನು ಹೇಳಬೇಕಾಗಿಲ್ಲ, ಅದು ಗಾಳಿಯಂತೆ ಇದ್ದೇ ಇರುತ್ತದೆ ಎಂಬುದು ಸುಲಭದ ಉತ್ತರ. ನಾನೂ ಕೆಲವು ಕಾಲ ಅದನ್ನೇ ನಂಬಿದ್ದೆ. ಶಾಸನಗಳು ಅದನ್ನು ಒಪ್ಪುವುದಿಲ್ಲ. ಬನವಾಸಿಯಿಂದ ಆಳಿದ ಕದಂಬರ ಆದಿಪುರುಷ ಮಯೂರಶರ್ಮನ ಚಂದ್ರವಳ್ಳಿಯ ಪ್ರಾಕೃತ ಶಾಸನ ಹೇಳುವುದು ಅವನು ಮಾಡಿಸಿದ ಕೆರೆಯ ಸುದ್ದಿಯನ್ನು. ಅದು ಚಿತ್ರದುರ್ಗದ ಒಣನೆಲ, ಅಲ್ಲಿ ಕೆರೆ ಬೇಕೇ ಬೇಕು ಎನ್ನಬಹುದು. ಆದರೆ ತಾಳಗುಂದ? ಕದಂಬರ ವಂಶಕಥೆಯನ್ನು ಕುಬ್ಜನೆಂಬ ಕವಿ ಸೊಗಸಾದ ಸಂಸ್ಕೃತ ಪದ್ಯಗಳಲ್ಲಿ ಹೇಳಿರುವ ಆ ಸ್ತಂಭಶಾಸನವನ್ನು ನಾವು ವಂಶಾವಳಿಗಾಗಿ, ಮಯೂರಶರ್ಮನ ಕಂಚಿಯ ಪ್ರಸಂಗಕ್ಕಾಗಿ ಓದುತ್ತೇವೆ. ಅದು ಹುಟ್ಟಿದ ಕಾರಣ ಮಾತ್ರ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ತೋಡಿಸಿದ ಕೆರೆ. ತಾಳಗುಂದ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ಬನವಾಸಿಯ ನೆರೆಯಲ್ಲಿಯೇ. ಮಳೆ ಚೆನ್ನಾಗಿರುವ ಈ ನೆಲಕ್ಕೂ ಕೆರೆ ಬೇಕಾಗಿತ್ತು, ಏಕೆಂದರೆ ಇಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಎಲೆವಳ್ಳಿಗೆ ಬಾಯಾರುವುದು ಉಳಿದ ತಿಂಗಳುಗಳಲ್ಲಿ. ಪಂಪ ನೆನೆಯುವ ವಸಂತವೂ ಆ ತಿಂಗಳುಗಳಲ್ಲೇ ಬರುತ್ತದೆ. ಮಾವು ಚಿಗುರಿ ಕೋಗಿಲೆ ಕೂಗುವ ಹೊತ್ತಿಗೆ ಹಳ್ಳಗಳು ಸೊರಗಿರುತ್ತವೆ. ಆಗಲೂ ನೆರಳು ತಂಪಾಗಿದ್ದರೆ ಯಾರೋ ನೀರನ್ನು ಹಿಡಿದಿಟ್ಟಿದ್ದಾರೆ ಎಂದೇ ಅರ್ಥ.

ಹಾಗಾಗಿ ಬನವಾಸಿಯ ಪದ್ಯಗಳಲ್ಲಿ ನೀರು ಕಾಣದಿರುವುದು ನೀರಿನ ಸಮೃದ್ಧಿಯಿಂದಲ್ಲ, ನೋಡುವವನು ನಿಂತ ಜಾಗದಿಂದ. ಅಲ್ಲಿಯ ಮನುಷ್ಯರನ್ನು ಪಂಪ ವಿವರಿಸುವ ಬಗೆಯನ್ನು ಗಮನಿಸಿ: ತ್ಯಾಗ, ಭೋಗ, ಅಕ್ಷರವಿದ್ಯೆ, ಗೇಯ, ಗೋಷ್ಠಿಗಳ ಸವಿಗೆ ನೆಲೆಯಾದವರು. ಅವರು ತೋಟದ ನೆರಳಿನಲ್ಲಿ ಕುಳಿತವರು, ತೋಟಕ್ಕೆ ನೀರು ಕಟ್ಟಿದವರಲ್ಲ. ದಂಡಿಯ ಕಾವ್ಯಾದರ್ಶ ಮಹಾಕಾವ್ಯಕ್ಕೆ ಬೇಕೆಂದು ಹೇಳುವ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಉದ್ಯಾನಕ್ರೀಡೆ, ಜಲಕ್ರೀಡೆಗಳೆಲ್ಲ ಇವೆ. ಕೆರೆ ಇಲ್ಲ, ಹೊಲ ಇಲ್ಲ. ಜಲ ಅಲ್ಲಿ ಕ್ರೀಡೆಗೆ ಮಾತ್ರ. ಕನ್ನಡದ ಕವಿಗಳು ನಾಡವರ್ಣನೆಯ ನೆಪದಲ್ಲಿ ಹೊಲ ಕೆರೆಗಳನ್ನು ಒಳಗೆ ತಂದುಕೊಂಡರು, ಪಂಪನೂ ಕುರುಜಾಂಗಣದಲ್ಲಿ ಹಾಗೆ ಮಾಡಿದ. ಬನವಾಸಿಯಲ್ಲಿ ಮಾತ್ರ ಅವನು ಮತ್ತೆ ಉದ್ಯಾನಕ್ಕೆ ಮರಳುತ್ತಾನೆ. ಇದರಿಂದ ಪದ್ಯಗಳ ಬೆಲೆ ಇಳಿಯುವುದಿಲ್ಲ. ನೆನಪು ದುಡಿಮೆಯನ್ನು ಬಿಟ್ಟು ನೆರಳನ್ನು ಹಿಡಿಯುವುದು ದೂರದಲ್ಲಿರುವವರಿಗೆಲ್ಲ ತಿಳಿದ ಸಂಗತಿ. ಆದರೆ ಕವಿ ಒಮ್ಮೆ ಬಿಟ್ಟ ದುಡಿಮೆಯನ್ನು ಪ್ರಕೃತಿ ಎಂಬ ಹೆಸರಿಟ್ಟು ನಾವು ಎರಡನೆಯ ಸಲ ಅಳಿಸಬೇಕಾಗಿಲ್ಲ.

ಹಾಗೆಂದು ಕಾವ್ಯ ಸುಳ್ಳು, ಶಾಸನ ಸತ್ಯ ಎಂದು ಹೊರಡುವುದೂ ಅಪಾಯ. ಬನವಾಸಿ ಪನ್ನಿರ್ಚ್ಛಾಸಿರವನ್ನು ಹೊಗಳುವ ಶಾಸನಪದ್ಯಗಳು ಕಾವ್ಯದಷ್ಟೇ ಸಾಂಪ್ರದಾಯಿಕ. ಅಲ್ಲಿಯೂ ಅದೇ ಕೋಗಿಲೆ, ಅದೇ ತುಂಬಿ. ಶಾಸನದ ದನಿ ಬದಲಾಗುವುದು ಪ್ರಶಸ್ತಿ ಮುಗಿದು ದತ್ತಿಯ ಭಾಗ ತೊಡಗಿದಾಗ. ಗದ್ದೆ, ಬೆದ್ದಲೆ, ತೋಂಟ ಎಂದು ನೆಲ ಮೂರಾಗುತ್ತದೆ, ಮತ್ತರಿನಲ್ಲಿ ಕಮ್ಮದಲ್ಲಿ ಅಳತೆಗೆ ಸಿಗುತ್ತದೆ, ಮೂಡಲು ತೆಂಕಲು ಪಡುವಲು ಬಡಗಲು ಎಂದು ಎಲ್ಲೆ ನಡೆಯುತ್ತದೆ. ಒಂದು ಹುತ್ತ, ಒಂದು ಬಂಡೆ, ಒಂದು ಹುಣಿಸೆಯ ಮರ, ಕೆರೆಯ ಕೋಡಿ. ಒಂದೇ ಕಲ್ಲಿನ ಮೇಲೆ, ಬಹುಮಟ್ಟಿಗೆ ಒಬ್ಬನೇ ಕಂಡರಿಸಿದ ಅಕ್ಷರಗಳಲ್ಲಿ, ನೋಡುವ ನೆಲ ಮತ್ತು ದುಡಿಯುವ ನೆಲ ಮೇಲೆ ಕೆಳಗೆ ಕೂತಿವೆ. ಚಂಪೂಕಾವ್ಯವನ್ನು ಓದುವವರು ಮೇಲಿನ ಅರ್ಧವನ್ನು, ಇತಿಹಾಸಕಾರರು ಕೆಳಗಿನ ಅರ್ಧವನ್ನು ಹಂಚಿಕೊಂಡಿದ್ದೇವೆ. ಈ ಹಂಚಿಕೆ ವಿಶ್ವವಿದ್ಯಾಲಯದ ವಿಭಾಗಗಳಿಗೆ ಅನುಕೂಲ. ಅದನ್ನು ಬರೆಯಿಸಿದವರಿಗೆ ಇಂಥ ವಿಭಾಗಗಳಿರಲಿಲ್ಲ.

ಪಂಪನ ಮನೆಯವರಿಗಂತೂ ಇರಲಿಲ್ಲ ಎನ್ನಲು ಒಂದು ಗಟ್ಟಿಯಾದ ಸಾಕ್ಷಿಯಿದೆ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಗುಡ್ಡದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ತೆಲುಗಿನ ಕಂದಪದ್ಯಗಳಿಗಾಗಿ ಆ ಭಾಷೆಯವರು, ಪಂಪನ ವಂಶದ ವಿವರಕ್ಕಾಗಿ ನಾವು ಅದನ್ನು ಮತ್ತೆ ಮತ್ತೆ ಉದ್ಧರಿಸುತ್ತೇವೆ. ಅಬ್ಬಣಬ್ಬೆಯ ಹೆಸರು ನಮಗೆ ಸಿಕ್ಕಿದ್ದು ಅಲ್ಲಿಂದಲೇ. ಆದರೆ ಶಾಸನ ಹೇಳುವ ಕೆಲಸಗಳ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗಿಲ್ಲ. ಜಿನವಲ್ಲಭ ಅಲ್ಲಿ ಜಿನಬಿಂಬಗಳನ್ನು ಕಂಡರಿಸಿದ, ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದ. ಜೊತೆಗೆ ಒಂದು ಕೆರೆಯನ್ನೂ, ಮದನವಿಲಾಸವೆಂಬ ಬನವನ್ನೂ ಮಾಡಿಸಿದ.

ಬನವನ್ನು ಮಾಡಿಸುವುದು ಎಂಬ ಮಾತಿನಲ್ಲಿ ಬನವಾಸಿಯ ಪದ್ಯಗಳಲ್ಲಿ ಕಾಣದೆ ಹೋದ ಅರ್ಧವೆಲ್ಲ ಇದೆ. ತೆಲಂಗಾಣದ ಕಲ್ಲುನೆಲದಲ್ಲಿ ಬನ ತಾನಾಗಿ ಆಗುವುದಿಲ್ಲ. ಕೆರೆ ತುಂಬಿದರೆ ಬನ. ಅದರ ಹೆಸರಾದರೋ ಕಾವ್ಯದ ಉದ್ಯಾನದಿಂದ ಎತ್ತಿ ತಂದಂತಿದೆ: ಮದನವಿಲಾಸ, ವಸಂತದ ಒಡೆಯನ ವಿನೋದದ ತಾಣ. ಅಣ್ಣ ಪದ್ಯದಲ್ಲಿ ನೆನೆದ ನಂದನವನ್ನು ತಮ್ಮ ನೆಲದ ಮೇಲೆ ನೆಟ್ಟ ಎನ್ನಲು ಆಸೆಯಾಗುತ್ತದೆ, ಆದರೆ ಎರಡರಲ್ಲಿ ಯಾವುದು ಮೊದಲು ಎಂಬುದನ್ನು ಕಾವ್ಯವೂ ಕಲ್ಲೂ ತಿಳಿಸುವುದಿಲ್ಲ. ಪದ್ಯವೇ ಬನದಿಂದ ಹುಟ್ಟಿರಲೂಬಹುದು; ಆ ಕೆರೆಯ ಏರಿಯ ಮೇಲೆ ಬೀಸಿದ ತೆಂಕಣ ಗಾಳಿ ಬನವಾಸಿಯನ್ನು ನೆನಪಿಸಿರಬಹುದು. ಇದು ಊಹೆ, ಊಹೆಯಾಗಿಯೇ ಇರಲಿ. ಒಂದು ಕುಟುಂಬದೊಳಗೆ ನಂದನವನ್ನು ನೆನೆಯುವ ಭಾಷೆ ಮತ್ತು ನಂದನವನ್ನು ಮಾಡಿಸುವ ಭಾಷೆ ಎರಡೂ ಬಳಕೆಯಲ್ಲಿದ್ದವು ಎಂಬುದಕ್ಕೆ ಮಾತ್ರ ಊಹೆ ಬೇಕಿಲ್ಲ.

ಕೆರೆಯ ಹೆಸರನ್ನು ಇಷ್ಟರವರೆಗೆ ಹೇಳಲಿಲ್ಲ. ಜಿನವಲ್ಲಭ ಅದಕ್ಕೆ ಅಣ್ಣನ ಬಿರುದನ್ನೇ ಇಟ್ಟ: ಕವಿತಾಗುಣಾರ್ಣವ. ಅರಿಕೇಸರಿ ಗುಣಾರ್ಣವ, ಅವನ ಕವಿ ಕವಿತಾಗುಣಾರ್ಣವ. ಅರ್ಣವ ಎಂದರೆ ಸಮುದ್ರ. ದಂಡಿಯ ಪಟ್ಟಿಯಲ್ಲಿ ಅರ್ಣವವಿದೆ, ಕೆರೆಯಿಲ್ಲ. ಸಮುದ್ರದಿಂದ ಅಷ್ಟು ದೂರದ ಬೊಮ್ಮಲಗುಟ್ಟದಲ್ಲಿ, ಮಳೆಗಾಲದ ನೀರನ್ನು ಹಿಡಿದು ಒಂದು ಬನವನ್ನು ಸಾಕಬೇಕಾದ ಕೆರೆಗೆ ಅರ್ಣವ ಎಂಬ ಹೆಸರು ಬಂತು.